ಆಚೆಮನೆ ಅಮ್ಮನ ಮೊರ

ಶಿರಸಿಯಿಂದ ಬಂದಿದ್ದ ತಮ್ಮ ಕೊಟ್ಟುಹೋದ ಅಡಿಕೆ ಚೀಲದ ಬಾಯಿ ಬಿಚ್ಚಿದೆ. ಒಣಗಿಸಿ ಸುಲಿದ ಚಾಲಿ ಅಡಿಕೆಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಆಚೆಮನೆ ಅಮ್ಮ ಎದುರಿಗೇ ಬಂದು ಕೂತಂತಾಯಿತು... ಮಡಿಲಲ್ಲಿ ಮೊರ, ಬೆರಳ ತುದಿಯಲ್ಲಿ ಧೂಳು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮೆಟ್ರಿಕ್ ಪರೀಕ್ಷೆ ಬರೆದು ಕೂತಿದ್ದ ಹುಡುಗಿ. ಅಮ್ಮ ಬನವಾಸಿ ಕಡೆಯವರು, ಶಿರಸಿ ಪೇಟೆಯ ಒಬ್ಬ ವ್ಯಾಪಾರಿಯ ವಖಾರಿಯಲ್ಲಿ ಅಡಿಕೆ ಆರಿಸುತ್ತಿದ್ದರು. ಒಳ್ಳೆಯ ಚಾಲಿ ಒಂದು ಕಡೆ, ಸುಕ್ಕುಗಟ್ಟಿದ ಬಿಳಿಗೋಟು ಇನ್ನೊಂದು ಕಡೆ, ಒಡೆದು ಟೊಳ್ಳಾದ ಕೋಕಾ ಮತ್ತೊಂದು ಕಡೆ. ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಯಜಮಾನರಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಹಾಗಾಗಿ ರಜೆಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನೆರೆಮನೆ ಹುಡುಗಿ ಹೊತ್ತು ಕಳೆಯಲು ಬರುತ್ತಾಳೆ ಎಂದೇ ಯಜಮಾನರು ತಿಳಿದಿದ್ದರು. ಮುಟ್ಟಿ, ನೆಲಕ್ಕೆ ಕುಟ್ಟಿ ಸದ್ದು ಕೇಳಿ ಅಮ್ಮನೇ ಬಹುಪಾಲು ಆರಿಸುತ್ತಿದ್ದರು. ಬಣ್ಣ ಮಾತ್ರ ನನ್ನನ್ನು ಕೇಳುತ್ತಿದ್ದರು.

ನನಗೋ ಲೆಕ್ಕದಲ್ಲಿ ಶಾಲೆಗೇ ಮೊದಲು ಎಂಬ ಕೊಬ್ಬು. ಯಾವುದು ಕೋಕಾ, ಯಾವುದು ಬಿಳಿಗೋಟು ಎನ್ನಲು ನಿಯಮ ಹೇಳಿ ಎಂದು ದುಂಬಾಲು ಬಿದ್ದೆ.

"ಅದನ್ನ ಹೆಂಗ ಹೇಳ್ಲಿ ತಂಗಿ, ಕೈಗೆ ಗೊತ್ತಾಗ್ತೈತಿ" ಎಂದರು.

ಕೈಗೆ ಗೊತ್ತಾಗುವುದು ನನ್ನ ನೋಟ್‌ಬುಕ್ಕಿಗೆ ಗೊತ್ತಾಗದೇ ಇರುತ್ತದೆಯೇ? ನಾನೇ ಹನ್ನೊಂದು ನಿಯಮ ಬರೆದೆ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಆ ನಿಯಮಗಳನ್ನು ಹಿಡಿದು ಇಡೀ ಗುಡ್ಡೆಯನ್ನು ಆರಿಸಿ ಮುಗಿಸಿದೆ.

ಅವರು ಮರಳುವುದಕ್ಕೂ ಯಜಮಾನರು ಬಂದು ಚಾಲಿಗೆ ಕೈ ಹಾಕುವುದಕ್ಕೂ ಸರಿಹೋಯಿತು. ಮುಷ್ಟಿಯಲ್ಲಿ ಅರ್ಧಕ್ಕರ್ಧ ಕೋಕಾ.

"ಎಂತ ಇದು? ಯಾರು ಆರ್ಸಿದ್ದು?"

ನಾನು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿದೆ. ಅಮ್ಮ ನನ್ನ ಕಡೆ ತಿರುಗಿಯೂ ನೋಡದೆ, "ನಾನ ರೀ. ಕಣ್ಣು ಮಂಜಾಗ್ಯಾವ್ರಿ" ಎಂದರು. ಅವರಂಥವರ ಕೈಯಲ್ಲಿ ಇಂಥ ತಪ್ಪಾಗಲು ಬೇರೆ ಕಾರಣ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಷ್ಟು ದಿನ ಬಚ್ಚಿಟ್ಟದ್ದನ್ನು ನನಗಾಗಿ ತಾವೇ ಹೇಳಿಬಿಟ್ಟರು. ಮರುದಿನದಿಂದ ಅವರು ವಖಾರಿಗೆ ಹೋಗಲಿಲ್ಲ.

ಮುಖ ತೋರಿಸಲು ನಾಚಿಕೆಯಾಗಿ ತಪ್ಪಿಸಿಕೊಂಡು ಓಡಾಡಿದೆ. ಅವರೇ ಜಗುಲಿಗೆ ಕರೆದು ಅಡಿಕೆ ತುಂಬಿದ ಮೊರ ಮುಂದಿಟ್ಟರು. "ಆರಸು. ತಪ್ಪಿದ್ರ ನಾ ಹೇಳ್ತೀನಿ." ನಿಯಮ ಇಲ್ಲ, ವಿವರಣೆ ಇಲ್ಲ. ಒಂದು ಅಡಿಕೆ, ನನ್ನ ಊಹೆ, ಅವರ "ಹೂಂ"; ಇಲ್ಲವೆಂದರೆ, "ಅಲ್ಲ, ಇನ್ನೊಮ್ಮೆ ಮುಟ್ಟು". ಬೈಗುಳ ಒಂದೂ ಇಲ್ಲ... ಬೈದಿದ್ದರೆ ಚೆನ್ನಾಗಿತ್ತು. ಮಳೆಗಾಲದ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ಆರಿಸುತ್ತಿದ್ದೆ. ಹೇಗೆ ಎಂದು ಕೇಳಿದರೆ ನನಗೂ ಹೇಳಲು ಬರುತ್ತಿರಲಿಲ್ಲ.

ಮುಂದೆ ಧಾರವಾಡದಲ್ಲಿ ಓದಿದೆ, ಪ್ರೊಫೆಸರಾದೆ, ಕಂಪ್ಯೂಟರ್ ಯಂತ್ರಗಳಿಗೆ ಕಲಿಸುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡೆ. ಸುತ್ತಲಿನವರು ಯಂತ್ರಕ್ಕೆ ನಿಯಮ ಬರೆಯುತ್ತಿದ್ದಾಗ ನಾನು ಉದಾಹರಣೆ ತೋರಿಸಿ, ತಪ್ಪಿದಾಗ "ಅಲ್ಲ" ಎನ್ನುವ ದಾರಿ ಹಿಡಿದೆ. ಹೊಸ ದಾರಿ ಎಂದು ಹೊಗಳಿ ಶಾಲು ಹೊದಿಸಿದರು. ಹೊದ್ದುಕೊಂಡೆ! ನನ್ನ ಮೊದಲ ಪುಸ್ತಕವನ್ನು ಅಮ್ಮನಿಗೆ ಅರ್ಪಿಸಲು ಪೆನ್ನು ತೆಗೆದಾಗ ತಿಳಿಯಿತು, ಅವರ ಹೆಸರೇ ನನಗೆ ಗೊತ್ತಿಲ್ಲ. ಹೆಸರು ಕೇಳಲೆಂದು ಶಿರಸಿಗೆ ಹೋದೆ. ಅವರು ತೀರಿಕೊಂಡು ವರ್ಷಗಳಾಗಿದ್ದವು, ಆ ಮನೆಯಲ್ಲಿ ಬೇರೆಯವರಿದ್ದರು. ಅಂದಿನ ತಪ್ಪು ನನ್ನದೆಂದು ಯಜಮಾನರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಈಗ ಚೀಲ ಸುರಿದು, ಕಣ್ಣು ಮುಚ್ಚಿ ಆರಿಸುತ್ತಿದ್ದೇನೆ. ಕೈ ಮರೆತಿಲ್ಲ. ಒಂದು ಅಡಿಕೆ ಮಾತ್ರ ಬೆರಳಲ್ಲೇ ನಿಂತಿದೆ, ಚಾಲಿಯೋ ಬಿಳಿಗೋಟೋ ತಿಳಿಯುತ್ತಿಲ್ಲ... ಯಾವ ಗುಡ್ಡೆಗೆ ಹಾಕಿದರೂ "ಅಲ್ಲ" ಎನ್ನುವವರಿಲ್ಲ.