ಗೋಂದಣ್ಣ ಕಟ್ಟಿದ ಐದನೇ ಅಧ್ಯಾಯ

ಕಾಲೇಜಿನ ಹಿಂದಿನ ಗೇಟಿಗೆ ಎದುರಾಗಿ ಒಂದು ಬೈಂಡಿಂಗ್ ಅಂಗಡಿ. ಅದರ ಮಾಲೀಕನನ್ನು ಸ್ವಂತ ಹೆಸರಿನಿಂದ ಕರೆದವಳು ಅವನ ಅಮ್ಮ ಒಬ್ಬಳೇ ಇರಬೇಕು, ಮಿಕ್ಕವರಿಗೆಲ್ಲ ಅವನು ಗೋಂದಣ್ಣ. ಬೆರಳ ಸಂದಿಯಲ್ಲಿ ಒಣಗಿದ ಅಂಟು ಮೂವತ್ತು ವರ್ಷದಿಂದ ಹೋಗಿಲ್ಲ. ಊಟಕ್ಕೆ ಮೊದಲು ಕೈ ತಿಕ್ಕಿ ತಿಕ್ಕಿ ತೊಳೆದು ಹೆಂಡತಿಗೆ ತೋರಿಸುತ್ತಾನೆ. ಅವಳು ನೋಡದೆಯೇ "ಸಾಕು ಬಿಡಿ, ಚರ್ಮ ಕಿತ್ತು ಬಂದೀತು" ಎಂದು ಬಡಿಸುತ್ತಾಳೆ.

ಆ ಕಾಲೇಜಿನ ಬಿಬಿಎ ಕೋರ್ಸನ್ನು ಗೋಂದಣ್ಣನಷ್ಟು ಬಲ್ಲವರು ಕಡಿಮೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ವರದಿ ಬರೆದು, ಕಪ್ಪು ರೆಕ್ಸಿನ್ ರಟ್ಟು ಹಾಕಿಸಿ, ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿಸಿ, ಮೂರು ಪ್ರತಿ ಒಪ್ಪಿಸಬೇಕು. ಬರೆಯಲಾರದವರಿಗೆ ಗೋಂದಣ್ಣನ ಅಟ್ಟವಿತ್ತು. ಒಳ್ಳೆಯ ಅಂಕ ಬಂದ ವರದಿಗಳ ಜೆರಾಕ್ಸ್ ಪ್ರತಿಗಳು ಅಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಒಂದು ಬಿಸ್ಕತ್ತು ಕಾರ್ಖಾನೆಯ ನೌಕರರ ತೃಪ್ತಿಯ ಕುರಿತ ವರದಿಯಂತೂ ನಾಲ್ಕು ವರ್ಷ ನಾಲ್ಕು ಹೆಸರಿನಲ್ಲಿ ಮೊದಲ ದರ್ಜೆ ಹೊಡೆದಿತ್ತು. "ಹೆಸರು ಬದಲಾಯಿಸ್ಕೋ, ಇಸವಿ ಮರೀಬೇಡ" ಎಂದು ಹೇಳಿ ಇಳಿಸಿಕೊಡುತ್ತಿದ್ದ. ಅದು ತಪ್ಪು ಅಂತ ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮುಳುಗುವ ಮಕ್ಕಳಿಗೆ ಕೈ ನೀಡುತ್ತಿದ್ದೇನೆ ಅಂದುಕೊಂಡಿದ್ದ.

ಇಷ್ಟೆಲ್ಲ ಕಣ್ಣಾರೆ ಕಂಡವನು ಒಬ್ಬಳೇ ಮಗಳನ್ನು ಅದೇ ಕೋರ್ಸಿಗೆ ಯಾಕೆ ಸೇರಿಸಿದ? ಕೇಳಿದವರಿಗೆ, ಕಾಗದ ಕತ್ತರಿಸುವ ಮಿಷನ್ನಿನ ಮೇಲೆ ಅಂಟಿಸಿಟ್ಟ ಕಾಲೇಜಿನ ಕರಪತ್ರ ತೋರಿಸುತ್ತಿದ್ದ. ನಮ್ಮಲ್ಲಿ ಸೇರಿದರೆ ಏನೇನು ಸಿಗುತ್ತದೆ ಎಂದು ಅದರಲ್ಲಿ ಉದ್ದಕ್ಕೆ ಬರೆದಿತ್ತು: ನಾಯಕತ್ವ, ಮಾತುಗಾರಿಕೆ, ಉದ್ಯಮ ಭೇಟಿ, ಅಣಕು ಸಂದರ್ಶನ. ಕಟ್ಟಕಡೆಗೆ ದಪ್ಪ ಅಕ್ಷರದಲ್ಲಿ, ಕಂಪನಿಗಳೇ ಕಾಲೇಜಿಗೆ ಬಂದು ಕೆಲಸಕ್ಕೆ ಆರಿಸಿಕೊಳ್ಳುತ್ತವೆ ಎಂದಿತ್ತು. ಗೋಂದಣ್ಣ ಓದಿದ್ದು ಆ ಕಡೆಯ ಸಾಲನ್ನು ಮಾತ್ರ. ಮಗಳ ಬೆರಳಿಗೆ ಅಂಟು ಹತ್ತಬಾರದು, ಅಷ್ಟೇ ಅವನ ಆಸೆ.

ಕರಪತ್ರ ಸುಳ್ಳೇನೂ ಹೇಳಿರಲಿಲ್ಲ. ಉದ್ಯಮ ಭೇಟಿ ಆಯಿತು. ಬಸ್ಸಿನಲ್ಲಿ ಕರೆದೊಯ್ದು, ಗಾಜಿನಾಚೆಯಿಂದ ಬಿಸ್ಕತ್ತು ಬೇಯುವುದನ್ನು ತೋರಿಸಿ, ಬರುವಾಗ ತಲೆಗೊಂದು ಮುರುಕು ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಅಣಕು ಸಂದರ್ಶನವೂ ಆಯಿತು. ದಿನಾ ಪಾಠ ಹೇಳುವ ಮೇಷ್ಟ್ರೇ ಟೈ ಕಟ್ಟಿಕೊಂಡು ಕೂತು, ನಲವತ್ತು ಜನಕ್ಕೂ ಒಂದೇ ಪ್ರಶ್ನೆ ಕೇಳಿದರು. "ಐದು ವರ್ಷ ಆದ್ಮೇಲೆ ಎಲ್ಲಿರ್ತೀಯಾ?"

"ನಮ್ಮಪ್ಪನ ಅಂಗಡಿ ಬಿಟ್ಟು ಬೇರೆ ಎಲ್ಲಾದ್ರೂ ಸರ್" ಅಂದಳಂತೆ ಮಗಳು. ಮನೆಯಲ್ಲಿ ಅದನ್ನು ಹೇಳಿದಾಗ ಗೋಂದಣ್ಣ ಬಿದ್ದು ಬಿದ್ದು ನಕ್ಕಿದ್ದ. ಅವನಿಗೂ ಬೇಕಾಗಿದ್ದದ್ದು ಅದೇ ಉತ್ತರ.

ಪ್ರಾಜೆಕ್ಟಿನ ಸಮಯ ಬಂದಾಗ ಮಗಳು ಕೇಳುವ ಮೊದಲೇ ಅವನು ಅಟ್ಟ ಹತ್ತಿ ಬಿಸ್ಕತ್ತು ಕಾರ್ಖಾನೆಯನ್ನು ಇಳಿಸಿದ. ಮಗಳು ಮುಟ್ಟಲಿಲ್ಲ.

"ಬೇಡ ಅಪ್ಪಾ. ನಾನು ನಿನ್ ಅಂಗಡಿ ಮೇಲೇ ಬರೀತೀನಿ."

"ಇದರಲ್ಲೇನಿದೆ ಬರಿಯೋಕೆ? ಗೋಂದು, ದಾರ, ನಾನು."

"ಮೂರು ಅಧ್ಯಾಯ ಆಯ್ತಲ್ಲ" ಎಂದು ನಕ್ಕಳು.

ಒಂದು ತಿಂಗಳು ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂತಳು. ಯಾರು ಬರುತ್ತಾರೆ, ಎಷ್ಟು ಹೊತ್ತು ಮಿಷನ್ ಸುಮ್ಮನೆ ನಿಂತಿರುತ್ತದೆ, ಎಲ್ಲ ಗುರುತು ಹಾಕಿಕೊಂಡಳು. "ಮಾಲೀಕರೇ, ದಿನಕ್ಕೆ ಎಷ್ಟು ಗಂಟೆ ನಿಂತಿರ್ತೀರಿ?" ಎಂದು ಗಂಭೀರವಾಗಿ ಕೇಳುವಳು. "ಕೂತ್ರೆ ಅಂಟು ಒಣಗುತ್ತೆ ಮೇಡಂ" ಎಂದು ಇವನು ಅಷ್ಟೇ ಗಂಭೀರವಾಗಿ ಹೇಳುವನು. ಅವನ ಬದುಕಿನ ಬಗ್ಗೆ ಯಾರೂ ಅಷ್ಟೊಂದು ಪ್ರಶ್ನೆ ಕೇಳಿರಲಿಲ್ಲ. ಆ ತಿಂಗಳಷ್ಟು ಸುಖವಾಗಿ ಅವನು ಯಾವತ್ತೂ ಇರಲಿಲ್ಲ ಅಂದರೆ ನಂಬಬೇಕು.

ಶುಕ್ರವಾರ ಬೆಳಿಗ್ಗೆ ವೈವಾ, ಅಂದರೆ ಬಾಯಿ ಪರೀಕ್ಷೆ. ಸೋಮವಾರ ಕಂಪನಿ ಬರುವುದಿತ್ತು, ಆ ವರ್ಷಕ್ಕೆ ಬರುವುದು ಅದೊಂದೇ. ಪ್ರಾಜೆಕ್ಟ್ ಪಾಸಾದವರಿಗೆ ಮಾತ್ರ ಒಳಗೆ ಪ್ರವೇಶ. ಗುರುವಾರ ಮಧ್ಯಾಹ್ನ ಮಗಳು ಮೂರು ಪ್ರತಿಯ ಹಾಳೆಗಳನ್ನು ಅಪ್ಪನ ಕೈಗಿಟ್ಟು, "ಚೆನ್ನಾಗಿ ಕಟ್ಟಪ್ಪಾ" ಎಂದು ಹೇಳಿ ಓದಿಕೊಳ್ಳಲು ಮನೆಗೆ ಹೋದಳು.

ಬೈಂಡರ್ ಆದವನು ಓದುವುದಿಲ್ಲ. ಅಂಚು ಕೂಡಿಸುತ್ತಾನೆ, ಹೊಲಿಯುತ್ತಾನೆ, ಒತ್ತುತ್ತಾನೆ. ಆದರೆ ಮಗಳ ಪುಸ್ತಕ ನೋಡಿ, ಕಣ್ಣು ತಡೆಯಲಿಲ್ಲ. ಐದನೇ ಅಧ್ಯಾಯ, ಸಲಹೆಗಳು. ಮೊದಲ ಸಾಲು: ಈ ಅಂಗಡಿ ಇನ್ನೆರಡು ವರ್ಷಕ್ಕಿಂತ ಹೆಚ್ಚು ನಡೆಯುವುದಿಲ್ಲ, ಮುಚ್ಚುವುದೇ ಒಳ್ಳೆಯದು.

ಅವನು ಹಾಳೆ ಮಗುಚಿಟ್ಟ. ನೋವಾಯಿತು, ಇಲ್ಲ ಅನ್ನುವುದು ಬೇಡ. ಆದರೆ ನೋವಿಗಿಂತ ಭಯ ದೊಡ್ಡದು. ಪರೀಕ್ಷಕರು ತೆರೆದು ನೋಡುವುದು ಕಡೆಯ ಅಧ್ಯಾಯವನ್ನು ಮಾತ್ರ, ಇದು ಅವನಿಗೆ ಚೆನ್ನಾಗಿ ಗೊತ್ತು. ಹೆತ್ತಪ್ಪನ ಅಂಗಡಿಯನ್ನೇ ಉಳಿಸಲಾರದ ಹುಡುಗಿಗೆ ಯಾವ ಕಂಪನಿ ಕೆಲಸ ಕೊಟ್ಟೀತು? ಅಟ್ಟದಿಂದ ಇಳಿಸಿದ ಬಿಸ್ಕತ್ತು ಕಾರ್ಖಾನೆ ಇನ್ನೂ ಮೇಜಿನ ಮೇಲೇ ಇತ್ತು. ಅದರ ಕಡೆಯ ಅಧ್ಯಾಯದ ಮೇಲೆ ಕಣ್ಣಾಡಿಸಿದ. ತರಬೇತಿ ಕೊಡಬೇಕು, ಸೌಲಭ್ಯ ಹೆಚ್ಚಿಸಬೇಕು, ಭವಿಷ್ಯ ಉಜ್ವಲವಾಗಿದೆ. ಇಷ್ಟು ವರ್ಷ ಅವನು ಕಟ್ಟಿದ ಪುಸ್ತಕಗಳೆಲ್ಲ ಮುಗಿಯುತ್ತಿದ್ದದ್ದೇ ಹೀಗೆ. ಸಲಹೆ ಅಂದರೆ ಇದೇ ಎಂದು ಅವನು ನಂಬಿದ್ದ. ಮೂರು ಜೆರಾಕ್ಸ್ ತೆಗೆದು, ಮಗಳ ಹಾಳೆ ಎತ್ತಿಟ್ಟು, ಇದನ್ನು ಸೇರಿಸಿ ಹೊಲಿದುಬಿಟ್ಟ. ಅರವತ್ತನೇ ಪುಟ ಆದ ಮೇಲೆ ಎಪ್ಪತ್ತನಾಲ್ಕನೇ ಪುಟ ಬಂದಿದ್ದು ಕಂಡಿತು. ಪುಟದ ನಂಬರ್ ಯಾರು ನೋಡುತ್ತಾರೆ ಅಂದುಕೊಂಡ.

ಬೆಳಿಗ್ಗೆ ಮಗಳು ಮೂರೂ ಪುಸ್ತಕ ಎದೆಗೆ ಅವುಚಿಕೊಂಡು ಓಡಿದಳು. ತೆರೆದು ನೋಡಲಿಲ್ಲ. ಅಪ್ಪ ಕಟ್ಟಿದ್ದನ್ನು ಯಾಕೆ ನೋಡಬೇಕು?

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಡೆಯ ಅಧ್ಯಾಯ ತೆರೆದರು. "ಅಂಗಡೀಲಿ ಇರೋದು ನಿಮ್ಮಪ್ಪ ಒಬ್ಬರು" ಅಂದರು. "ಮುನ್ನೂರ ನಲವತ್ತು ನೌಕರರಿಗೆ ಕ್ಯಾಂಟೀನು ಎಲ್ಲಿ ಕಟ್ಟಿಸ್ತೀಯಮ್ಮಾ?" ಕೋಣೆಯಲ್ಲಿ ನಗೆ. ಮಗಳು ಪುಸ್ತಕ ಈಸಿಕೊಂಡು ನೋಡಿದಳು. ಹೊಲಿಗೆ ಯಾರದು ಎಂದು ಅವಳಿಗೆ ಗೊತ್ತು. ಅಪ್ಪನ ಹೆಸರು ಎತ್ತಲಿಲ್ಲ. ನಕಲು ಎಂದು ಬರೆದರು. ಮುಂದಿನ ವರ್ಷ ಮತ್ತೆ ಸಲ್ಲಿಸಬೇಕು.

ವಿಷಯ ತಿಳಿದ ಗೋಂದಣ್ಣ ಅಂಗಡಿ ತೆರೆದಿಟ್ಟೇ ಓಡಿದ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ. ವಿಭಾಗದ ಮುಖ್ಯಸ್ಥರ ಮುಂದೆ ಮಗಳ ನಿಜವಾದ ಹಾಳೆಗಳನ್ನಿಟ್ಟ. "ಸಾರ್, ಬದಲಾಯಿಸಿದ್ದು ನಾನು. ಆ ಮಗೂದೇನೂ ತಪ್ಪಿಲ್ಲ."

ಅವರು ಒಳ್ಳೆಯವರೇ. ಎದ್ದು ಬಾಗಿಲು ಹಾಕಿ ಬಂದು ಕೂತರು. "ನೀವು ಸೇರಿಸಿದ್ದು ಎಲ್ಲಿಂದ ಬಂತು ಅಂತ ನಾನು ಬರ್ಕೋಬೇಕಾಗತ್ತೆ ಗೋಂದಣ್ಣ. ಬರ್ಕೊಂಡ್ರೆ ಇದನ್ನೇ ಒಪ್ಪಿಸಿದ ಹಿಂದಿನ ನಾಲ್ಕು ಜನರದ್ದೂ ತೆಗೀಬೇಕು. ನಿಮ್ಮ ಅಟ್ಟ ತೆಗೀಬೇಕು. ಆಮೇಲೆ ನಮ್ಮ ಕೋರ್ಸೇ ಇರಲ್ಲ." ಹಾಳೆಗಳನ್ನು ನೀಟಾಗಿ ಕೂಡಿಸಿ ವಾಪಸ್ ಕೊಟ್ಟರು. "ನಾನು ನೋಡಿಲ್ಲ, ನೀವು ಹೇಳಿಲ್ಲ."

ಸೋಮವಾರ ಕಂಪನಿ ಬಂತು. ಕಾರು ಹಿಂದಿನ ಗೇಟಿನಲ್ಲೇ ಒಳಗೆ ಹೋಗಿ ಸಂಜೆ ಅಲ್ಲಿಂದಲೇ ಹೊರಟಿತು. ಮಗಳು ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದಳು.

"ಬೈಯೇ, ಒಂದು ಮಾತಾದ್ರೂ ಬೈಯೇ" ಅಂದ ಗೋಂದಣ್ಣ.

"ಪೂರ್ತಿ ಓದಿದ್ಯಾ ಅಪ್ಪಾ?"

"ಮೊದಲ್ನೇ ಸಾಲು ಓದ್ದೆ."

"ಕೊನೇದೂ ಓದು."

ಓದಿದ. ಮಾಲೀಕರು ದಿನಕ್ಕೆ ಹನ್ನೊಂದು ಗಂಟೆ ನಿಂತಿರುತ್ತಾರೆ, ಕಾಲಿನ ನರ ಊದಿಕೊಂಡಿದೆ, ಯಾರಿಗೂ ಹೇಳುವುದಿಲ್ಲ. ಮಗಳಿಗೆ ಕೆಲಸ ಸಿಕ್ಕ ದಿನವೇ ಅವರು ಅಂಗಡಿ ಮುಚ್ಚಿ ಕೂತುಕೊಳ್ಳಬೇಕು. ಗೋಂದಣ್ಣ ಹಾಳೆ ಹಿಡಿದುಕೊಂಡೇ ಅತ್ತ. ಅಳುತ್ತಲೇ ನಿಂತಿದ್ದ, ಕೂರಲಿಲ್ಲ.

ಮರುವರ್ಷ ಅವಳು ಅದೇ ವರದಿ ಸಲ್ಲಿಸಿ ಪಾಸಾದಳು, ಎರಡನೇ ಸಲ ಸಲ್ಲಿಸಿದ್ದಕ್ಕೆ ಅರ್ಧದಷ್ಟು ಅಂಕ ಕಳೆದುಕೊಂಡು. ಆ ವರ್ಷ ಕಂಪನಿ ಬರಲಿಲ್ಲ. ಅರ್ಜಿ ಹಾಕಿದ ಕಡೆಯೆಲ್ಲ ಒಂದು ವರ್ಷ ಯಾಕೆ ತಡವಾಯಿತು ಎಂದು ಕೇಳಿದರು. ಅವಳು ಕಾರಣ ಹೇಳಲಿಲ್ಲ, ಕೆಲಸವೂ ಸಿಗಲಿಲ್ಲ. ಗೋಂದಣ್ಣನ ಕಾಲು ಪೂರ್ತಿ ಕೈಕೊಟ್ಟಿತು. ಸ್ಟೂಲು ಅವನದಾಯಿತು, ಮೇಜು ಅವಳದು.

ಮೊನ್ನೆ ಕಾಲೇಜಿನ ಹೊಸ ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ಬಂದು ಪಿಸುಗುಟ್ಟಿದಳು. "ಅಕ್ಕಾ, ಒಳ್ಳೇ ಅಂಕ ಬಂದಿರೋ ಪ್ರಾಜೆಕ್ಟ್ ಇಲ್ಲಿ ಸಿಗತ್ತಂತೆ?"

ಗೋಂದಣ್ಣ ತಲೆ ತಗ್ಗಿಸಿದ. ಮಗಳು ಅಟ್ಟ ಹತ್ತಿ ಬಿಸ್ಕತ್ತು ಕಾರ್ಖಾನೆಯನ್ನು ಇಳಿಸಿ ದೂಳು ಕೊಡವಿದಳು. "ಹೆಸರು ಬದಲಾಯಿಸ್ಕೋ, ಇಸವಿ ಮರೀಬೇಡ" ಅಂದಳು. ಬೆರಳ ಅಂಟಿಗೆ ಹಾಳೆ ಹತ್ತಿಕೊಂಡಿತ್ತು, ಬಿಡಿಸಿ ಕೊಟ್ಟಳು.