ಮಾವನಿಗೆ ಬಿಟ್ಟ ಆನೆ

ಮೊದಲೇ ಹೇಳಿಬಿಡುತ್ತೇನೆ. ನಾನು ನನ್ನ ಮಾವನ ಆನೆಯನ್ನು ಕಿತ್ತುಕೊಂಡಿಲ್ಲ. ಚೆಸ್ ಬೋರ್ಡಿನಿಂದ ತೆಗೆದಿಟ್ಟದ್ದು ನನ್ನದೇ ಆನೆಯನ್ನು.

ಇದನ್ನೂ ಅಂಕಣದಲ್ಲಿ ಬರೆಯಬೇಕಾ? ಬರೆಯಬೇಕು. ಹೋದ ವಾರ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ನೆಂಟರ ಹೊಸ ಫ್ಲ್ಯಾಟಿನ ವಾಸ್ತುಶಾಂತಿಗೆ ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ನಾನು ಎಂದೂ ನೋಡಿರದ ಹೆಂಗಸೊಬ್ಬರು ಪ್ಲೇಟು ಹಿಡಿದುಕೊಂಡೇ ಕೇಳಿದರು: “ಚೆಸ್ ಆಡೂಮುಂದ ಮಾವಗ ಅವಮಾನ ಮಾಡಿದಾಕಿ ನೀನ ಏನವಾ?”

ಕಥೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದಾಗ ಸಣ್ಣದಿತ್ತು. ಠಾಣೆಯಲ್ಲಿ ಇಳಿಯುವಷ್ಟರಲ್ಲಿ ಊದಿಕೊಂಡಿದೆ. ಕಥೆ ಹೇಳುತ್ತಿರುವವರಲ್ಲಿ ಹೆಚ್ಚಿನವರು ಆ ಆಟವನ್ನು ನೋಡಿಯೇ ಇಲ್ಲ. ಆಡಿದವಳು ನಾನು. ಈಗ ನನ್ನ ಮಾತು ಕೇಳಿ.

ಘಣಸೋಲಿಯ ನನ್ನ ತವರಿನಲ್ಲಿ ತುಳು. ಡೊಂಬಿವಲಿಯ ಗಂಡನ ಮನೆಯಲ್ಲಿ ಗದಗಿನ ಕನ್ನಡ. ಮದುವೆಯಾದ ಹೊಸತರಲ್ಲಿ ಆ ಮನೆಯವರಿಗೆ ನನ್ನ ಜೊತೆ ಆಡಲು ಇದ್ದ ಮಾತು ಎರಡೇ: ಚಹಾಕ್ಕೆ ಸಕ್ಕರೆ ಸಾಕಾ, ರಬಾಳೆಯ ಆಫೀಸಿನಿಂದ ಬರುವಾಗ ರೈಲಿನಲ್ಲಿ ಸೀಟು ಸಿಕ್ತಾ. ನನ್ನನ್ನು ಸೊಸೆ ಅಂತಲ್ಲ, ಒಬ್ಬ ವ್ಯಕ್ತಿ ಅಂತ ಎದುರಿಗೆ ಕೂರಿಸಿಕೊಂಡದ್ದು ಮಾವನ ಚೆಸ್ ಬೋರ್ಡು. ಭಾನುವಾರದ ಊಟ ಮುಗಿದ ಮೇಲೆ ನಾನು ಕಾಯುತ್ತಿದ್ದದ್ದು ಅದಕ್ಕೇ.

ಮೊದಲ ದಿನ ಮಾವ ತಮ್ಮ ಮೂಲೆಯ ಆನೆಯೊಂದನ್ನು ಎತ್ತಿ ಪಕ್ಕಕ್ಕಿಟ್ಟರು. “ಹೊಸದಾಗಿ ಬಂದೀಯವಾ. ಒಂದು ಆನಿ ಬಿಟ್ಟು ಆಡ್ತೀನಿ.”

ನಾನು ಕಾಲೇಜಿನಲ್ಲಿ ಡಿಬೇಟ್ ಟೀಮಿನಲ್ಲೂ ಇದ್ದೆ, ಚೆಸ್ ಟೀಮಿನಲ್ಲೂ ಇದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗೆದ್ದೆ. ಮಾವ ಹೊಟ್ಟೆ ಹಿಡಿದು ನಕ್ಕರು. ಅತ್ತೆ ಅಡಿಗೆಮನೆಯಿಂದ, “ಎಷ್ಟು ಪ್ರೀತಿ ನೋಡ್ರಿ ಸೊಸಿ ಮ್ಯಾಲೆ” ಅಂದರು. ‘ಸೊಸೆಗೆ ಅವಮಾನವಾಯಿತು’ ಅಂತ ಯಾರಾದರೂ ಅಂದರಾ? ಇಲ್ಲ.

ಆಮೇಲೆ ಸಮಸಮ ಆಡಿದೆವು. ನಾನೇ ಗೆದ್ದೆ. ಮತ್ತೆ ಮತ್ತೆ ನಾನೇ. ಮಾವನ ನಗು ಸಣ್ಣದಾಗುತ್ತ ಬಂತು. ಯೋಚಿಸದೆ ಕಾಯಿ ದೂಡತೊಡಗಿದರು. ಹೇಗಿದ್ದರೂ ಸೋಲುವುದೇ, ಬೇಗ ಸೋತು ಮಲಗೋಣ ಎಂಬಂತೆ.

ಅತ್ತೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: “ಒಂದೆರಡು ಸಲ ಸೋತಬಿಡವಾ. ನಿನ್ನ ಗಂಟೇನು ಹೋಗ್ತದ?”

“ಬೇಕೂಂತ್ಲೇ ಸೋಲ್ಬೇಕಾ ಅತ್ತೆ?”

“ಹೂಂ ಮತ್ತ. ಅವರಿಗೇನು ಗೊತ್ತಾಗ್ತದ?”

ಅವರಿಗೇನು ಗೊತ್ತಾಗ್ತದ! ಈಗ ನೀವೇ ಹೇಳಿ, ಅವಮಾನ ಎಂದರೆ ಯಾವುದು? ಎದುರಿಗೆ ಕೂತ ಹಿರಿಯರಿಗೆ ಗೊತ್ತಾಗುವುದಿಲ್ಲ ಎಂದು ನಂಬಿ, ಸುಳ್ಳು ಸೋಲು ಸೋತು, ಮನಸ್ಸಿನೊಳಗೆ ಅವರನ್ನು ಮಗು ಮಾಡಿಬಿಡುವುದು. ನಮ್ಮ ಮನೆಗಳಲ್ಲಿ ಇದಕ್ಕೆ ಮರ್ಯಾದೆ ಎಂದು ಹೆಸರು.

ನಾನು ಸೋಲಲಿಲ್ಲ. ಮುಂದಿನ ಭಾನುವಾರ ನನ್ನ ಆನೆಯೊಂದನ್ನು ಎತ್ತಿ ಪಕ್ಕಕ್ಕಿಟ್ಟೆ.

“ಯಾಕವಾ?” ಅಂದರು ಮಾವ.

“ಮೊದಲ್ನೇ ದಿನ ನೀವು ಬಿಟ್ರಲ್ಲ ಮಾವ. ಈಗ ನನ್ನ ಸರದಿ. ನೀವು ಗೆದ್ರೆ ಗೆದ್ದ ಹಾಗೇ. ಆನೆ ಇರ್ಲಿಲ್ಲ ಅಂತ ನಾನು ನೆಪ ಹೇಳುದಿಲ್ಲ.”

“ನೆಪ ಹೇಳಿದ್ರ ಚಹಾ ನೀನ ಮಾಡಬೇಕು ನೋಡು.”

“ಈಗ್ಲೂ ನಾನೇ ಮಾಡುದಲ್ವಾ?”

ಮಾವ ನಕ್ಕರು. ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡರು. ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಎಷ್ಟೋ ವಾರಗಳ ನಂತರ ಅವರು ಬೋರ್ಡಿನತ್ತ ಬಾಗಿ ಕೂತಿದ್ದರು. ಒಂದು ಕಾಯಿ ಹೆಚ್ಚಿದ್ದವರು ಏನು ಮಾಡಬೇಕೋ ಅದನ್ನೇ ಮಾಡಿದರು: ಕುದುರೆಗೆ ಕುದುರೆ, ಒಂಟೆಗೆ ಒಂಟೆ ಕೊಟ್ಟು ತೆಗೆದುಕೊಂಡು ಬೋರ್ಡನ್ನು ಖಾಲಿ ಮಾಡುತ್ತ ಬಂದರು. ನನಗೆ ಫ್ಯಾನಿನ ಕೆಳಗೂ ಬೆವರು. ಅವರ ಕಾಲಾಳೊಂದಕ್ಕೆ ಕೊನೆಯ ಸಾಲು ಮುಟ್ಟಿ ರಾಣಿಯಾಗಲು ಇನ್ನೊಂದೇ ಹೆಜ್ಜೆ. ಅದನ್ನು ತಡೆಯುವ ದಾರಿ ನನಗೆ ಕಾಣಲಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ಕಲ್ಯಾಣದ ಕಾಕಾ. ಅಂದರೆ ಮಾವನ ತಮ್ಮ. ಚಪ್ಪಲಿ ಬಿಡುತ್ತಲೇ ಬೋರ್ಡು ನೋಡಿದರು.

“ಅಣ್ಣಾ, ಆಕೀದೊಂದು ಆನಿ ಅಲ್ಲೆ ಬದಿಗೆ ಯಾಕದ?”

ಅತ್ತೆ ಅಂದರು: “ಸೊಸಿ ಬಿಟ್ಟು ಆಡಾಕತ್ತಾಳ. ಮಾವಗ ಸವಲತ್ತು.”

“ಅಯ್ಯಯ್ಯ! ಸೊಸಿ ಕಡೆ ಭಿಕ್ಷಾ ಬೇಡೋ ಕಾಲ ಬಂತೇನಣ್ಣಾ ನಿನಗ?”

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಗೆಲ್ಲುತ್ತಿದ್ದ ಆಟವನ್ನು ಎರಡೂ ಕೈಯಿಂದ ಬಾಚಿ ಡಬ್ಬಿಗೆ ತುಂಬಿದರು. “ಸಾಕವಾ” ಅಂದರು. ಬೋರ್ಡು ಕಪಾಟಿನ ಮೇಲೆ ಹೋಯಿತು. ಅಂದಿನಿಂದ ನಮ್ಮ ಮಾತು ಮತ್ತೆ ಸಕ್ಕರೆಗೂ ಸೀಟಿಗೂ ಬಂದು ನಿಂತಿದೆ.

ಗಮನಿಸಿ. ಮಾವನಿಗೆ ನನ್ನ ಆನೆಯಿಂದ ನೋವಾಗಿರಲಿಲ್ಲ. ಮೂರನೆಯವರು ಬಾಗಿಲಲ್ಲಿ ನಿಂತು ಅದಕ್ಕೊಂದು ಹೆಸರಿಟ್ಟ ಮೇಲೆ ಆಯಿತು. ಆದರೆ ಊರೆಲ್ಲ ಸುತ್ತುತ್ತಿರುವ ಕಥೆಯಲ್ಲಿ ಕಾಕಾ ಇಲ್ಲವೇ ಇಲ್ಲ! (ಇರುವುದಾದರೂ ಹೇಗೆ? ಕಥೆ ಹೇಳುತ್ತಿರುವವರೇ ಅವರು.)

ನನ್ನ ಗಂಡ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಶಾಂತಿ ಸಾರುತ್ತಾನೆ: “ಜಾನೇ ದೋ ನಾ ಯಾರ್. ಪಪ್ಪಾ ಕೋ ಸಾರಿ ಬೋಲ್ ದೇ.”

ಬಿಟ್ಟುಬಿಡಬೇಕಂತೆ, ಅಪ್ಪನಿಗೆ ಸಾರಿ ಹೇಳಬೇಕಂತೆ. ಯಾವುದಕ್ಕೆ ಸಾರಿ? ಕಷ್ಟದ ಆಟವನ್ನು ನನ್ನ ಮೇಲೆ ಹಾಕಿಕೊಂಡದ್ದಕ್ಕಾ?

ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಕ್ರಿಕೆಟ್ ಆಡುವ ಹುಡುಗರು ತೀರಾ ಚಿಕ್ಕವರನ್ನು ‘ಲಿಂಬೂ-ಟಿಂಬೂ’ ಅನ್ನುತ್ತಾರೆ. ಆ ಮಗು ಔಟಾದರೂ ಔಟಲ್ಲ, ಹೊಡೆದರೂ ರನ್ನಲ್ಲ. ಅದು ಆಟದಲ್ಲಿ ಇರುವಂತೆ ಕಾಣುತ್ತದೆ, ಇರುವುದಿಲ್ಲ. ಬಲ್ಲವರು ಒಂದು ಕಾಯಿ ಬಿಟ್ಟುಕೊಟ್ಟು ಆಡುವ ಹ್ಯಾಂಡಿಕ್ಯಾಪ್ ಅದರ ಉಲ್ಟಾ. ಆನೆ ಬಿಟ್ಟವಳು ಉಳಿದ ಕಾಯಿಗಳಿಂದ ಜೀವ ಹೋಗುವಂತೆ ಆಡಬೇಕು. ಗೆದ್ದವರು ನಿಜಕ್ಕೂ ಗೆಲ್ಲುತ್ತಾರೆ. ಕೊಟ್ಟದ್ದು ಎಷ್ಟು ಎಂದು ಇಬ್ಬರ ಕಣ್ಣೆದುರೇ ಇರುತ್ತದೆ. ಇದಕ್ಕಿಂತ ಪ್ರಾಮಾಣಿಕವಾದ ಆಟ ಇನ್ನಾವುದಿದೆ?

ಇದನ್ನೇ ಅತ್ತೆಗೆ ಹೇಳಿದೆ. ಜೊತೆಗೆ ಒಂದು ಪಾಯಿಂಟು ಸೇರಿಸಿದೆ: ರೈಲಿನಲ್ಲಿ ಸೀನಿಯರ್ ಸಿಟಿಜನ್ ರಿಯಾಯಿತಿ ಇದ್ದಷ್ಟು ಕಾಲ, ಹುಬ್ಬಳ್ಳಿ ಟಿಕೆಟ್ ತೆಗೆಸುವಾಗ ಮಾವ ಅದನ್ನು ಒಂದು ಸಲವಾದರೂ ಬೇಡ ಅಂದಿದ್ದರಾ?

“ಅದು ಸರಕಾರ ಕೊಡೂದು. ಸೊಸಿ ಅಲ್ಲ,” ಅಂದರು ಅತ್ತೆ. “ಹಿರ್ಯಾರು ಕೊಡಬೇಕು, ಸಣ್ಣಾವರು ತಗೋಬೇಕು. ತಿಳೀತಿಲ್ಲ?”

ತಿಳೀತು. ಚೆನ್ನಾಗಿಯೇ ತಿಳೀತು. ಮಾವ ಸೊಸೆಗೆ ಬಿಟ್ಟ ಆನೆ ಪ್ರೀತಿ, ಸೊಸೆ ಮಾವನಿಗೆ ಬಿಟ್ಟ ಆನೆ ಭಿಕ್ಷೆ. ಆನೆಯ ತೂಕ ಒಂದೇ. ನಾವು ತೂಗುತ್ತಿರುವುದು ಆನೆಯನ್ನಲ್ಲ, ಕೊಟ್ಟ ಕೈಯನ್ನು. ಹಾಗಾದರೆ ಕಿರಿಯಳು ಹಿರಿಯರಿಗಿಂತ ಯಾವುದರಲ್ಲಾದರೂ ಮುಂದೆ ಹೋದರೆ ಅವಳಿಗಿರುವ ದಾರಿ ಎರಡೇ: ಸುಳ್ಳು ಹೇಳಿ ಸೋಲಬೇಕು, ಇಲ್ಲ ಒಂಟಿಯಾಗಿ ಕೂರಬೇಕು. ಎರಡನ್ನೂ ನಾನು ಒಪ್ಪುವುದಿಲ್ಲ. ಬೇಕಾದರೆ ಘೋಡಬಂದರ್ ರಸ್ತೆಯ ಅಷ್ಟೂ ಟವರುಗಳಲ್ಲಿ ನನ್ನ ಕಥೆ ಓಡಾಡಲಿ.

ಇಷ್ಟು ಬರೆದು ನಿಲ್ಲಿಸುವವಳಿದ್ದೆ. ಆದರೆ ಮೊನ್ನೆ ಭಾನುವಾರ ಹೊರಕೋಣೆಯಿಂದ ಮಾವನ ಕೇಕೆ ಕೇಳಿಸಿತು. “ಸೋಲಿಸಿದ್ನಿ ನೋಡ! ಮಷೀನನ್ನ ಸೋಲಿಸಿದ್ನಿ!”

ಮಾವನ ಹೊಸ ಫೋನಿನಲ್ಲಿ ನನ್ನ ಗಂಡ ಚೆಸ್ ಹಾಕಿಕೊಟ್ಟಿದ್ದ. ಚಹಾ ಕೊಡಲು ಹೋದವಳು ಹೆಗಲ ಮೇಲಿಂದ ಇಣುಕಿದೆ. ಸ್ಕ್ರೀನಿನ ಮೂಲೆಯಲ್ಲಿ ಆಟದ ಮಟ್ಟ ಕಾಣುತ್ತಿತ್ತು: ಈಸಿ. ಅಂದರೆ ಆ ಯಂತ್ರ ಮನಸ್ಸು ಮಾಡಿದರೆ ನನ್ನನ್ನೂ ಅವರನ್ನೂ ಒಟ್ಟಿಗೆ ಕೂರಿಸಿ ಸೋಲಿಸುತ್ತದೆ. ಮಾವನಿಗಾಗಿ ಬೇಕೆಂದೇ ದಡ್ಡ ಆಟ ಆಡುತ್ತಿದೆ. ಅತ್ತೆ ನನಗೆ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಮತ್ತು ಪ್ರತಿ ಆಟಕ್ಕೂ ಮೊದಲು ಅದು ಕೇಳುವ ಮಟ್ಟಗಳಲ್ಲಿ ಆ ಈಸಿಯನ್ನು ಆರಿಸಿದ್ದು ಮಾವನೇ, ತಮ್ಮ ಕೈಯಾರೆ.

ಫೋನಿನಿಂದ ಇಷ್ಟು ದೊಡ್ಡ ರಿಯಾಯಿತಿ ತಗೊಳ್ಳಬಹುದು, ಸೊಸೆಯ ಒಂದು ಆನೆ ಮಾತ್ರ ಬೇಡ. ನನಗೆ ತಡೆಯಲಾಗಲಿಲ್ಲ. ಚಹಾ ಟೀಪಾಯಿಯ ಮೇಲಿಟ್ಟು, ಕಪಾಟಿನ ಮೇಲಿನ ಬೋರ್ಡು ಇಳಿಸಿ ಅವರ ಮುಂದೆ ಬಿಡಿಸಿದೆ. ನನ್ನ ಕಡೆಯ ಕಾಯಿಗಳನ್ನು ಒಂದು ಆನೆ ಬಿಟ್ಟು ಜೋಡಿಸಿದೆ. ಅವರು ಫೋನಿನಿಂದ ತಲೆ ಎತ್ತುವವರೆಗೂ ಕಾದು ಕೇಳಿದೆ:

“ಮಾವ, ಆ ಫೋನು ನಿಮಗಿಂತ ಹಿರಿಯದಾ?”