ಬಿಚ್ಚಿದ ಎರಡು ಸ್ಕ್ರೂ

ನನಗೆ ಕಾಯುವುದು ಬರುವುದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ಐದು ನಿಮಿಷ ತಡವಾದರೆ ನಡೆದೇ ಹೊರಟುಬಿಡುತ್ತೇನೆ. ಇಂಥ ನಾನು ಒಬ್ಬ ಹೂಗಳ್ಳನನ್ನು ಎರಡು ತಿಂಗಳು ಸಹಿಸಿಕೊಂಡಿದ್ದೆ ಎಂದರೆ ಅದೇ ದೊಡ್ಡದು.

ಶಂಕರಪುರಂನ ನಮ್ಮ ಮನೆಯಲ್ಲಿ ಇರುವುದು ಅಮ್ಮ, ನಾನು ಇಬ್ಬರೇ. ಮುಂದಿನ ಕಾಂಪೌಂಡ್ ಗೋಡೆ ಬಿರುಕು ಬಿಟ್ಟು ಬಿದ್ದ ಮೇಲೆ ಆ ಜಾಗಕ್ಕೆ ಮರದ ಬೇಲಿ ಹಾಕಿಸಿದ್ದೆವು. ಬೇಲಿಯ ಮೂಲೆಗೆ ತಾಗಿಕೊಂಡೇ ನಂದಿಬಟ್ಟಲಿನ ಗಿಡ. ನಾನು ಏಳುವ ಹೊತ್ತಿಗೆ ಅದು ಬೋಳು. ಕಿಟಕಿಯಿಂದ ನೋಡಿದರೆ ಮಂಕಿಕ್ಯಾಪಿನ ಮುದುಕನೊಬ್ಬ ಪ್ಲಾಸ್ಟಿಕ್ ಕವರಿನ ತುಂಬ ಹೂ ತುಂಬಿಕೊಂಡು ರಸ್ತೆಯ ತಿರುವು ದಾಟುತ್ತಿರುತ್ತಿದ್ದ. ನಮ್ಮ ಕಡೆ ಇದನ್ನು ಕಳ್ಳತನ ಎನ್ನುವವರೇ ಇಲ್ಲ. ಬೆಳಗಿನ ವಾಕಿಂಗ್ ಹೊರಟ ಮರ್ಯಾದಸ್ಥರೆಲ್ಲ ಜೇಬಿನಲ್ಲಿ ಒಂದು ಕವರು ಇಟ್ಟುಕೊಂಡಿರುತ್ತಾರೆ. ಕೇಳಿದರೆ ದೇವರಿಗೆ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಅಮ್ಮನಿಗೆ ಹೇಳಿದರೆ, "ದೇವರ ತಲೆ ಮೇಲೆ ತಾನೇ ಹೋಗೋದು, ಬಿಡೇ" ಎಂದು ಒಳಗೆ ಹೋಗುತ್ತಿದ್ದಳು.

ಹೂ ಹೋದರೆ ಹೋಗಲಿ, ಬೇಲಿಯೂ ಹೋಗತೊಡಗಿತು. ಗಿಡದ ಪಕ್ಕದ ಮೇಲಿನ ಅಡ್ಡಪಟ್ಟಿ ಮೊಳೆ ಸಡಿಲವಾಗಿ ವಾಲಿತು. ಆ ಮುದುಕ ಅದರ ಮೇಲೆ ಭಾರ ಬಿಟ್ಟು ಕೊಂಬೆ ಎಳೆಯುತ್ತಾನೆ ಎಂದು ನಾನು ತೀರ್ಮಾನ ಮಾಡಿಯೇಬಿಟ್ಟೆ. ರಜೆ ಹಾಕಿ ಬಡಗಿಯನ್ನು ಕರೆಸಿದೆ.

ಆತ ಮೊಳೆಗಳನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದ. "ಇನ್ನು ಮೊಳೆ ಬೇಡ ಮೇಡಂ. ಬ್ರಾಕೆಟ್ ಹಾಕೋಣ. ಕಂಬಕ್ಕೆ ಎರಡು ಸ್ಕ್ರೂ, ಪಟ್ಟಿಗೆ ಕೆಳಗಿಂದ ಎರಡು. ಆನೆ ಒರಗಿದ್ರೂ ಬರಲ್ಲ" ಎಂದ. ಆಮೇಲೆ, "ಇನ್ನೊಂದು ವಿಷ್ಯ. ಪಟ್ಟಿ ಬೀದಿ ಕಡೆಗೆ ವಾಲಿದೆ. ಯಾರೋ ಒಳಗಡೆಯಿಂದ ಒರಗ್ತಾರೆ" ಎಂದ.

"ಒಳಗಿರೋದು ನಾನು, ಅಮ್ಮ. ನಮಗೇನು ಬೇರೆ ಕೆಲಸ ಇಲ್ವಾ? ಹೊರಗಿಂದ ಹಿಡಿದು ಎಳೆದ್ರೂ ಹಾಗೇ ವಾಲತ್ತೆ" ಎಂದೆ. ಆತ ಬ್ರಾಕೆಟ್ಟಿನ ಅಳತೆ ಬರೆದುಕೊಟ್ಟ.

ಮಾರ್ಕೆಟ್ಟಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ನಾನೇ ಹೋಗಿ ಬ್ರಾಕೆಟ್ ತಂದೆ. ಮಡಿಸಿದ ಮೊಣಕೈಯಂಥ ದಪ್ಪ ತಗಡು. ಒಂದು ಮಗ್ಗುಲು ಕಂಬಕ್ಕೆ, ಇನ್ನೊಂದು ಮಗ್ಗುಲಿನ ಮೇಲೆ ಅಡ್ಡಪಟ್ಟಿಯ ತುದಿ. ಬಡಗಿ ಸಂಜೆಯೊಳಗೆ ಎಲ್ಲವನ್ನೂ ಕೂರಿಸಿದ. ನಾನು ಪಕ್ಕದಲ್ಲೇ ನಿಂತು ಒಂದೊಂದು ಸ್ಕ್ರೂವನ್ನೂ ಎಣಿಸಿದೆ.

ಆತ ಹೋದ ಮೇಲೆ ಬೇಲಿಯನ್ನು ನೋಡುತ್ತಾ ನಿಂತೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಗಟ್ಟಿ ಬೇಲಿಯ ಮೇಲೆ ಆ ಮುದುಕ ಇನ್ನೂ ಆರಾಮವಾಗಿ ಒರಗುತ್ತಾನಲ್ಲ ಎನ್ನಿಸಿ ಹೊಟ್ಟೆ ಉರಿಯಿತು. ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಕೊನೆಗೆ ಸ್ಕ್ರೂಡ್ರೈವರ್ ತಂದು, ಗಿಡದ ಪಕ್ಕದ ಆ ಒಂದು ತುದಿಯಲ್ಲಿ ಪಟ್ಟಿಗೆ ಹಾಕಿದ್ದ ಎರಡು ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಪಟ್ಟಿ ಬ್ರಾಕೆಟ್ಟಿನ ಮೇಲೆ ಸುಮ್ಮನೆ ಕೂತಿತ್ತು. ನೋಡಿದರೆ ಗೊತ್ತಾಗುವಂತಿರಲಿಲ್ಲ. ಕೈಯಿಟ್ಟಾಗ ಒಮ್ಮೆ ಜಾರಲಿ, ಎದೆ ಝಲ್ಲೆನ್ನಲಿ, ಆಮೇಲೆ ಅವನು ಈ ಬೀದಿಯ ಕಡೆ ತಲೆ ಹಾಕುವುದಿಲ್ಲ. ಅಷ್ಟೇ ನನ್ನ ಲೆಕ್ಕ. ಬಿದ್ದರೆ ಏನು ಗತಿ ಎಂದು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿ, ಬೀಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಐದೂವರೆಗೇ ಎದ್ದು ಕಿಟಕಿಯ ಹತ್ತಿರ ನಿಂತೆ. ಆರಕ್ಕೆ ಮುದುಕ ಬಂದ. ಬೇಲಿಯಿಂದ ಒಂದು ಹೆಜ್ಜೆ ದೂರದಲ್ಲಿ ನಿಂತು ಕವರನ್ನು ಬಿಡಿಸಿ ಹಿಡಿದ. ಮುಟ್ಟಲಿಲ್ಲ, ಒರಗಲಿಲ್ಲ. ಯಾರಿಗೋ ಕಾಯುವ ಹಾಗೆ ನಮ್ಮ ಬಾಗಿಲ ಕಡೆ ನೋಡುತ್ತಿದ್ದ.

ಬಾಗಿಲು ತೆರೆಯಿತು. ಅಮ್ಮ. ಹೋದ ವರ್ಷ ಸೊಂಟದ ಆಪರೇಷನ್ ಆದ ನನ್ನ ಅಮ್ಮ, ಕೋಲೂ ಇಲ್ಲದೆ ಅಂಗಳ ದಾಟಿ ನೇರ ಗಿಡದ ಹತ್ತಿರ ಹೋದಳು. "ಇವತ್ತು ಜಾಸ್ತಿ ಬಿಟ್ಟಿದೆ ನೋಡಿ" ಎನ್ನುತ್ತಾ ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿದಳು. ಇನ್ನೊಂದು ಕೈಯನ್ನು ಆಸರೆಗೆ ಅಡ್ಡಪಟ್ಟಿಯ ಕಡೆ ಚಾಚಿದಳು.

"ಅಮ್ಮಾ, ಮುಟ್ಟಬೇಡ!"

ನಾನು ಕಿರುಚದೆ ಇದ್ದಿದ್ದರೆ ಬರೀ ಕೈಯಿಡುತ್ತಿದ್ದಳೋ ಏನೋ. ಬೆಚ್ಚಿ ತಿರುಗಿದವಳು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಪಟ್ಟಿ ಬೀದಿಯ ಕಡೆಗೆ ಜಾರಿತು. ಅಮ್ಮ ಅದರ ಹಿಂದೆಯೇ ಮುಗ್ಗರಿಸಿದಳು. ಆ ಮುದುಕ ಕವರು ಬಿಸಾಕಿ ಅವಳ ಎರಡೂ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಟ್ಟಿಯ ತುದಿ ಅವರ ಪಾದದ ಮೇಲೆ ಬಿತ್ತು.

ಇಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿದೆ. ಅಮ್ಮನ ಸೊಂಟಕ್ಕೆ ಏನೂ ಆಗಿರಲಿಲ್ಲ, ಮೊಣಕೈ ತರಚಿತ್ತು. ಅವರ ಹೆಬ್ಬೆರಳಿನ ಉಗುರು ಒಡೆದು ರಕ್ತ ಬರುತ್ತಿತ್ತು. ಇಬ್ಬರಿಗೂ ನೀರು ತಂದುಕೊಟ್ಟೆ.

"ಕೊಂಬೆ ನನಗೆ ಎಟಕಲ್ಲಮ್ಮ, ದಿನಾ ಇವರೇ ಬಗ್ಗಿಸಿಕೊಡ್ತಾರೆ" ಎಂದು ಅವರು ನನಗೆ ಹೇಳಿದರು. ಬೇಲಿಯನ್ನು ನೋಡಿ, "ಕಾರ್ಪೆಂಟರ್ ಸ್ಕ್ರೂ ಹಾಕೋದು ಮರೆತಿದಾನೆ" ಎಂದರು.

ಅಮ್ಮನಿಗೆ ಸಿಟ್ಟು ಬಂತು. "ಅವನಿಗೆ ಈಗ್ಲೇ ಫೋನ್ ಮಾಡು. ಕೈ ತುಂಬ ಕೂಲಿ ತಗೊಂಡು ಇಂಥ ಕೆಲಸ ಮಾಡೋದಾ?"

ನಾನು ಫೋನ್ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಹಜಾರದಲ್ಲಿ ಮೂರು ಸುತ್ತು ಸುತ್ತಿದೆ. ಫೋನ್ ಕೈಯಲ್ಲೇ ಇತ್ತು. ಬಡಗಿಯ ಮೇಲೆ ಹಾಕಿದರೆ ಮುಗಿದುಹೋಗುತ್ತಿತ್ತು. ಅಮ್ಮ ಇನ್ನೆಂದೂ ಅವನನ್ನು ಮನೆಗೆ ಸೇರಿಸುತ್ತಿರಲಿಲ್ಲ, ಅಷ್ಟೇ. ಜೇಬಿನಲ್ಲಿ ಸ್ಕ್ರೂಗಳು ತೊಡೆಗೆ ಚುಚ್ಚುತ್ತಿದ್ದವು. ನನಗೆ ಕಾಯುವುದು ಬರುವುದಿಲ್ಲ ಎಂದೆನಲ್ಲ, ಆವತ್ತು ಅದೊಂದೇ ಒಳ್ಳೆಯದಾಯಿತು.

ಹೊರಗೆ ಬಂದು, "ಅವನಲ್ಲಮ್ಮ. ನಾನೇ ಬಿಚ್ಚಿದ್ದು" ಎಂದು ಸ್ಕ್ರೂಗಳನ್ನು ಮೆಟ್ಟಿಲ ಮೇಲೆ ಇಟ್ಟೆ.

ಅಮ್ಮನಿಗೆ ಅರ್ಥವಾಗಲಿಲ್ಲ. ಅವರಿಗೆ ಆಯಿತು. ಕಾಲಿನಿಂದ ಕಣ್ಣು ಎತ್ತಿ, "ಹೂವಿಗಾ?" ಎಂದು ಕೇಳಿದರು.

ನಾನು ಹೌದೆಂದೆ. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಅವರು ಲೋಟವನ್ನು ಕೆಳಗಿಟ್ಟು, ಎದ್ದು, ಕುಂಟುತ್ತಾ ಹೋದರು. ಚೆಲ್ಲಿದ ಹೂ ಆರಿಸಿಕೊಳ್ಳಲಿಲ್ಲ.

ಬಡಗಿ ಬಂದು ಎರಡೂ ಸ್ಕ್ರೂಗಳನ್ನು ಮತ್ತೆ ಹಾಕಿದ. ಬಿಚ್ಚಿದ್ದು ನಾನೇ ಎಂದು ಅವನಿಗೂ ಹೇಳಿದೆ. ಅಮ್ಮ ಕೊಟ್ಟ ಕಾಫಿ ಕುಡಿದು ಹೋದ. ಅಮ್ಮ ನನ್ನ ಜೊತೆ ಮಾತಾಡಿದ್ದು ಮೂರನೇ ದಿನಕ್ಕೆ.

ಒಂದು ವಾರ ನಾನು ಐದೂವರೆಗೆ ಎದ್ದು ಕಿಟಕಿಯ ಹತ್ತಿರ ನಿಂತೆ. ಎಂಟನೆಯ ದಿನ ಅವರು ಬಂದರು. ಅದೇ ಕವರು, ಬೇಲಿಯಿಂದ ಅದೇ ಒಂದು ಹೆಜ್ಜೆ ದೂರ. ಅಮ್ಮನೂ ಹೋದಳು.

ಈಗ ಬೇಲಿ ಗಟ್ಟಿಯಾಗಿದೆ. ದಿನಾ ನಾನೇ ಬಗ್ಗಿ ಸ್ಕ್ರೂ ಮುಟ್ಟಿ ನೋಡುತ್ತೇನೆ, ಅಮ್ಮನಿಗೂ ಅದು ಗೊತ್ತು. ಆದರೂ ಕೊಂಬೆಗೆ ಕೈ ಹಾಕುವ ಮೊದಲು ಅವಳು ಅಡ್ಡಪಟ್ಟಿಯನ್ನು ಎರಡು ಸಲ ಅಲ್ಲಾಡಿಸಿ ನೋಡುತ್ತಾಳೆ. ನೋಡಿ, ಆಮೇಲೆ ಒರಗುತ್ತಾಳೆ.